ದಿವಂಗತ ಅಣ್ಣಾಸಾಹೇಬ ಲಠ್ಠೆ

ಅಂದು ಚಿಕ್ಕೋಡಿ, ಅಥಣಿಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ನೆರೆಯ ರಾಯಬಾಗ ಕೊಲ್ಲಾಪುರ ಸಂಸ್ಥಾನದ್ದಾಗಿತ್ತು. ಈ ಎರಡೂ ಆಡಳಿತಗಳನ್ನು ಒಳಗಿನಿಂದ ಬಲ್ಲವರು ಅಣ್ಣಾಸಾಹೇಬ ಲಠ್ಠೆಯವರು. 1878ರಲ್ಲಿ ಕುರುಂದವಾಡದಲ್ಲಿ ಜನಿಸಿದ ಅವರು ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದರು. ಬೆಳಗಾವಿಯಲ್ಲಿ ವಕೀಲಿ ನಡೆಸಿದರು. ಬ್ರಾಹ್ಮಣೇತರ ಚಳವಳಿಯ ಮುಂದಾಳಾದರು. ಮುಂದೆ ಕೊಲ್ಲಾಪುರದ ದಿವಾನರೂ ಆದರು.

1937ರಲ್ಲಿ ಬೆಳಗಾವಿ ಉತ್ತರ ಕ್ಷೇತ್ರದಿಂದ ಪ್ರಾಂತ ಶಾಸನಸಭೆಗೆ ಆರಿಸಿಬಂದರು. ಮತವಿದ್ದುದು ಬಹುಮಟ್ಟಿಗೆ ಆಸ್ತಿ, ವಿದ್ಯೆ ಉಳ್ಳವರಿಗೆ. ರಾಯಬಾಗದವರಿಗೆ ಆ ಚುನಾವಣೆಯೇ ಇಲ್ಲ. ರೈತನ ಸಾಲ, ಬಡವನ ಮನೆ ಹಾಳುಗೆಡಹುವ ಸೆರೆ ಇವು ಅಂದಿನ ಅಳಲುಗಳು. ಪಾನನಿರೋಧವು ಕಾಂಗ್ರೆಸ್ಸು ಕೊಟ್ಟ ವಚನ. ವಚನವೀಯುವುದು ಸುಲಭ, ಅಬಕಾರಿಯ ಆದಾಯ ಬಿಡುವುದು ಕಷ್ಟ. ಖೇರರ ಮಂತ್ರಿಮಂಡಲದಲ್ಲಿ ಅರ್ಥಮಂತ್ರಿಯಾದ ಲಠ್ಠೆಯವರು ಆ ಕೊರತೆ ತುಂಬಲು ನಗರದ ಸ್ಥಿರಾಸ್ತಿಗೆ ತೆರಿಗೆ ವಿಧಿಸಿದರು. ಮನೆಮಾಲಿಕರು ಕೆರಳಿದರು, ಅವರು ಹಿಂಜರಿಯಲಿಲ್ಲ. 1939ರ ಆಗಸ್ಟ್ 1ರಂದು ಮುಂಬಯಿ ನಗರದಲ್ಲಿ ಪಾನನಿರೋಧ ಜಾರಿಗೆ ಬಂದಿತು. ಸಾಲಗಾರ ರೈತರ ಪರಿಹಾರ ಕಾಯಿದೆಯೂ ಅದೇ ವರ್ಷದ್ದು. ನವೆಂಬರಿನಲ್ಲಿ ಮಂತ್ರಿಮಂಡಲವು ರಾಜೀನಾಮೆಯಿತ್ತಿತು. 1950ರಲ್ಲಿ ಲಠ್ಠೆಯವರು ತೀರಿಕೊಂಡರು.

ವಚನಕ್ಕೆ ತಗಲುವ ವೆಚ್ಚವನ್ನು ಲೆಕ್ಕಹಾಕಿ, ಅದನ್ನು ಉಳ್ಳವರಿಂದಲೇ ಕೇಳಿದ ಧೈರ್ಯ ಅವರದು. ಇಂದು ಚಿಕ್ಕೋಡಿ, ನಿಪ್ಪಾಣಿಗಳಲ್ಲಿ ಊರಿನ ಆಡಳಿತಕ್ಕೆ ಮತ ಬೇಡುವವರನ್ನೂ ನೀರು, ದಾರಿ, ದೀಪಗಳ ಮಾತು ಮುಗಿದ ಮೇಲೆ ಇದೊಂದನ್ನು ಕೇಳಬೇಕು: ಹಣ ಯಾರಿಂದ?