ಸಂತ ಜೋಸೆಫ್ ವಾಜ್: ಕೆನರಾದಿಂದ ಕ್ಯಾಂಡಿಗೆ

ಶ್ರೀಲಂಕೆಯ ಪ್ರಥಮ ಸಂತರೆಂದು ಲೋಕಮಾನ್ಯರಾದ ಫಾದರ್ ಜೋಸೆಫ್ ವಾಜ್ ಅವರ ಧರ್ಮಸೇವೆಯ ಆರಂಭದ ಒಂದು ಮುಖ್ಯ ಘಟ್ಟ ಕನ್ನಡ ನಾಡಿನ ಕರಾವಳಿಯಲ್ಲಿ ಕಳೆಯಿತೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದ ಸಂಗತಿ.

ಅವರು ಜನಿಸಿದ್ದು 1651ರ ಏಪ್ರಿಲ್ 21ರಂದು, ಗೋವೆಯ ಬಾಣಾವಲಿಯಲ್ಲಿ. ತಂದೆ ಕ್ರಿಸ್ತೊವಾವ್ ವಾಜ್, ತಾಯಿ ಮರಿಯಾ ದೆ ಮಿರಾಂದಾ. ಮನೆಮಾತು ಕೊಂಕಣಿ. ಹಳೆಯ ಗೋವೆಯಲ್ಲಿ ಶಿಕ್ಷಣ ಮುಗಿಸಿ 1676ರಲ್ಲಿ ಗುರುದೀಕ್ಷೆ ಪಡೆದರು. ಬಡವರಂತೆ ಬಾಳಬೇಕೆಂದು ಪಾದರಕ್ಷೆಗಳನ್ನು ತ್ಯಜಿಸಿ ಬರಿಗಾಲಿನಲ್ಲಿ ನಡೆದರು. ಮರುವರ್ಷ ತಮ್ಮನ್ನು ಮರಿಯಮ್ಮನವರ ದಾಸನೆಂದು ಘೋಷಿಸಿಕೊಂಡು ಪತ್ರವೊಂದನ್ನು ಬರೆದುಕೊಟ್ಟರು.

1681ರಲ್ಲಿ ಅವರನ್ನು ಕೆನರಾ ಪ್ರಾಂತಕ್ಕೆ ಕಳುಹಿಸಲಾಯಿತು. ಆಗ ಈ ಸೀಮೆ ಕೆಳದಿಯ ರಾಣಿ ಚೆನ್ನಮ್ಮಾಜಿಯ ಆಳ್ವಿಕೆಯಲ್ಲಿತ್ತು. ಮಂಗಳೂರು, ಬಸ್ರೂರು, ಕುಂದಾಪುರ, ಗಂಗೊಳ್ಳಿಗಳ ಕ್ರೈಸ್ತರು ಗುರುಗಳ ಕೊರತೆಯಿಂದ ಬಳಲಿದ್ದರು. ಅದಕ್ಕಿಂತ ಕಠಿನವಾದದ್ದು ಒಳಜಗಳ. ಪೋರ್ಚುಗಲ್ ದೊರೆಯ ಹಕ್ಕಿಗೆ ಒಳಪಟ್ಟ ಗೋವೆಯ ಧರ್ಮಾಡಳಿತ ಒಂದೆಡೆ, ರೋಮ್ ನೇಮಿಸಿದ ಬಿಷಪ್ ಥಾಮಸ್ ದೆ ಕಾಸ್ತ್ರೊ ಇನ್ನೊಂದೆಡೆ. ಅಧಿಕಾರ ಯಾರದೆಂಬ ವಾದದಲ್ಲಿ ಭಕ್ತರು ಒಡೆದುಹೋಗಿದ್ದರು. ಗೋವೆಯ ಪ್ರತಿನಿಧಿಯಾಗಿ ಬಂದಿದ್ದರೂ ವಾಜ್ ಅವರು ಕಲಹವನ್ನು ಬೆಳೆಸಲಿಲ್ಲ. ಊರೂರು ನಡೆದು ಜನರನ್ನು ಕೂಡಿಸಲು ಶ್ರಮಿಸಿದರು. ಮುಡಿಪುವಿನಲ್ಲಿ ಅವರು ಮೊಣಕಾಲೂರಿ ಪ್ರಾರ್ಥಿಸಿದ ಕಡೆ ನೀರಿನ ಬುಗ್ಗೆಗಳು ಚಿಮ್ಮಿದವೆಂಬ ಐತಿಹ್ಯ ಇಂದಿಗೂ ಜೀವಂತವಾಗಿದೆ.

1684ರಲ್ಲಿ ಗೋವೆಗೆ ಮರಳಿದ ಅವರು ಮರುವರ್ಷ ದೇಶೀಯ ಗುರುಗಳ ಒರೆಟರಿ ಸಂಘವನ್ನು ನೆಲೆಗೊಳಿಸಿದರು. ಆದರೆ ಮನಸ್ಸು ಲಂಕೆಯ ಕಡೆಗಿತ್ತು. ಅಲ್ಲಿ ಡಚ್ಚರು ಕ್ಯಾಥೊಲಿಕ್ ಗುರುಗಳನ್ನು ನಿಷೇಧಿಸಿದ್ದರು. 1687ರಲ್ಲಿ, ತಮ್ಮ ಸೇವಕ ಜಾನ್ ಜೊತೆಗೆ, ಭಿಕ್ಷುಕನ ವೇಷದಲ್ಲಿ ಜಾಫ್ನಾ ಸೇರಿದರು. ಹಗಲು ಮನೆಮನೆಗೆ ಭಿಕ್ಷೆ, ಇರುಳು ಗುಟ್ಟಿನ ಪೂಜೆ. ತಮಿಳನ್ನೂ ಸಿಂಹಳವನ್ನೂ ಕಲಿತರು. ಜನರ ನುಡಿಯನ್ನರಿಯದವನು ಜನರ ನೋವನ್ನು ತಲುಪಲಾರನೆಂಬುದು ಅವರ ನಡೆಯಿಂದಲೇ ವ್ಯಕ್ತವಾಗುತ್ತದೆ.

1692ರಲ್ಲಿ ಕ್ಯಾಂಡಿಗೆ ಹೋದಾಗ ಪೋರ್ಚುಗೀಸ್ ಗೂಢಚಾರನೆಂಬ ಶಂಕೆಯಿಂದ ಸೆರೆಯಾದರು. ಕಾಲಕ್ರಮದಲ್ಲಿ ಬೌದ್ಧ ದೊರೆ ಎರಡನೆಯ ವಿಮಲಧರ್ಮಸೂರ್ಯನೇ ಅವರಿಗೆ ಆಶ್ರಯದಾತನಾದನು. 1697ರಲ್ಲಿ ಸಿಡುಬು ಹಬ್ಬಿ, ಸ್ವಂತ ಬಂಧುಗಳೇ ರೋಗಿಗಳನ್ನು ತೊರೆದು ಓಡಿದಾಗ, ವಾಜ್ ಮತ್ತು ಸಂಗಡಿಗ ಗುರು ಜೋಸೆಫ್ ಕಾರ್ವಾಲ್ಹೊ ಅವರು ಮತಭೇದವೆಣಿಸದೆ ಅವರನ್ನು ಉಪಚರಿಸಿದರು, ಸತ್ತವರನ್ನು ಮಣ್ಣುಮಾಡಿದರು. ಉನ್ನತ ಧರ್ಮಾಧಿಕಾರ ಒದಗಿಬಂದಾಗ ಅದನ್ನು ನಿರಾಕರಿಸಿದರು.

1711ರ ಜನವರಿ 16ರಂದು ಕ್ಯಾಂಡಿಯಲ್ಲಿ ದೈವಾಧೀನರಾದರು. ಹುಟ್ಟಿದ ನೆಲಕ್ಕೆ ಅವರು ಮತ್ತೆ ಮರಳಲೇ ಇಲ್ಲ. 1995ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಅವರು ಪುನೀತರೆಂದೂ, 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್ ಅವರು ಸಂತರೆಂದೂ, ಎರಡು ಸಲವೂ ಕೊಲಂಬೊದಲ್ಲಿಯೇ, ಘೋಷಿಸಿದರು.

ಸಂತಪದವಿ ದೊರೆಯಲು ಮೂರು ಶತಮಾನಗಳು ಬೇಕಾದವು. ಆದರೆ ಸಿಡುಬಿನ ರೋಗಿಯ ಪಕ್ಕದಲ್ಲಿ ಕುಳಿತ ದಿನವೇ ಆ ಪದವಿ ಅವರಿಗೆ ಸಂದಿತ್ತು. ಗಡಿ, ಭಾಷೆ, ಮತಗಳ ಹೆಸರಿನಲ್ಲಿ ಬೇರ್ಪಡುವ ನಮಗೆ, ಬರಿಗಾಲಿನಲ್ಲಿ ಅವುಗಳನ್ನು ದಾಟಿದ ಈ ಬಾಳು ಮನನಯೋಗ್ಯವಾದುದು.