ಉತ್ತರವನ್ನು ತೂಗಿ ನೋಡಿದ ಗುರು

ಬೀಜಗಣಿತದ ಪುಸ್ತಕ ಮುಂದಿಟ್ಟುಕೊಂಡು ನಿಮ್ಮ ಮಗು ಕಣ್ಣೀರು ಹಾಕುವುದನ್ನು ನೀವು ಕಂಡಿರಬಹುದು. ಸೂತ್ರ ಬಾಯಿಪಾಠವಾಗಿದೆ; ಆದರೆ ‘ಎಕ್ಸ್’ ಎಂದರೆ ಏನೆಂದು ಕೇಳಿದರೆ ಉತ್ತರವಿಲ್ಲ. ನೀವು ವಿಜಯಪುರದ ಜಲನಗರದವರಾಗಿರಲಿ, ತಿಕೋಟಾ, ಬಬಲೇಶ್ವರದವರಾಗಿರಲಿ, ಆ ಮಗುವಿಗೆ ಭಾಸ್ಕರಾಚಾರ್ಯರ ಕತೆ ಹೇಳಿರಿ.

ಅವರು ಹುಟ್ಟಿದ್ದು 1114ರಲ್ಲಿ. ತಮ್ಮ ಊರನ್ನು ಅವರು ವಿಜ್ಜಡವಿಡ ಎಂದು ಕರೆದಿದ್ದಾರೆ. ಅದು ಇಂದಿನ ವಿಜಯಪುರವೇ ಎಂಬುದು ಹಲವರ ಅಭಿಪ್ರಾಯ. ಮಹಾರಾಷ್ಟ್ರದ ಚಾಳೀಸಗಾಂವ್ ಕಡೆಯದೆನ್ನುವ ವಿದ್ವಾಂಸರೂ ಇದ್ದಾರೆ. ತಂದೆ ಮಹೇಶ್ವರರೇ ಅವರ ಗುರುಗಳು. 1150ರಲ್ಲಿ, 36ನೆಯ ವಯಸ್ಸಿನಲ್ಲಿ ಅವರು ‘ಸಿದ್ಧಾಂತ ಶಿರೋಮಣಿ’ಯನ್ನು ರಚಿಸಿದರು. ‘ಲೀಲಾವತಿ’ ಮತ್ತು ‘ಬೀಜಗಣಿತ’ ಅದರ ಭಾಗಗಳು.

ಅವರು ಕಲಿಸಿದ ರೀತಿಯನ್ನು ಗಮನಿಸಿರಿ. ನಿಯಮ ಹೇಳಿ ಸುಮ್ಮನಾಗಲಿಲ್ಲ. ದುಂಬಿಗಳು, ತಾವರೆಗಳು, ವ್ಯಾಪಾರಿಗಳ ರತ್ನಗಳು ಇವುಗಳ ಮೇಲೆ ಕಲಿಯುವವರಿಗೇ ಪ್ರಶ್ನೆ ಹಾಕಿದರು. ತಿಳಿಯದ ಮೊತ್ತಕ್ಕೆ ‘ಯಾವತ್ತಾವತ್’, ಅಂದರೆ ‘ಎಷ್ಟೋ ಅಷ್ಟು’ ಎಂಬ ಹೆಸರನ್ನು ಬಳಸಿದರು. ಯಾವುದರ ಪ್ರಮಾಣ ಬೇಕಾಗಿದೆ ಎಂಬುದು ಮೊದಲು; ಚಿಹ್ನೆ ಆಮೇಲೆ.

ಅವರ ಒಂದು ಲೆಕ್ಕವನ್ನು ಮನೆಯಲ್ಲಿ ಮಾಡಿ ನೋಡಿರಿ. ಮಂಗಗಳ ಹಿಂಡಿನ ಐದನೆಯ ಒಂದು ಪಾಲಿನಿಂದ 3 ಕಳೆದು, ಬಂದುದರ ವರ್ಗದಷ್ಟು ಮಂಗಗಳು ಗುಹೆ ಸೇರಿದವು. ಒಂದು ಮಾತ್ರ ಹೊರಗೆ ಕಾಣುತ್ತಿತ್ತು. ಒಟ್ಟು ಎಷ್ಟು? ಸಮೀಕರಣಕ್ಕೆ ಎರಡು ಉತ್ತರಗಳಿವೆ: 50 ಮತ್ತು 5. 50 ಆದರೆ ಐದನೆಯ ಪಾಲು 10. 3 ಕಳೆದರೆ 7. ಅದರ ವರ್ಗ 49. ಹೊರಗಿನ ಒಂದು ಸೇರಿ 50. ಆದರೆ 5 ಎಂದರೆ ಪಾಲು 1; ಅದರಿಂದ 3 ಮಂಗಗಳನ್ನು ಕಳೆಯುವುದು ಹೇಗೆ? ಅಂಕಿಗಳಲ್ಲಿ ಸರಿ ಬಂದರೂ ಭಾಸ್ಕರರು ಆ ಉತ್ತರವನ್ನು ಒಪ್ಪಲಿಲ್ಲ.

ಅವರ ಜ್ಞಾನಕ್ಕೆ ಧರ್ಮ, ಭಾಷೆಗಳು ಅಡ್ಡಗೋಡೆಯಾಗಲಿಲ್ಲ. ಅಕ್ಬರನ ಆಸ್ಥಾನಕವಿ ಫೈಝಿ 1587ರಲ್ಲಿ ‘ಲೀಲಾವತಿ’ಯನ್ನು ಪಾರಸಿಗೆ ತಂದರು. ಶಾಹಜಹಾನನ ಕಾಲದಲ್ಲಿ ಅತಾಉಲ್ಲಾ ರಶೀದಿ ‘ಬೀಜಗಣಿತ’ವನ್ನು ಅನುವಾದಿಸಿದರು.

ನಾಳೆ ನಿಮ್ಮ ಮಗ ಅಂಗಡಿಯ ಲೆಕ್ಕ ಬರೆಯುವನು. ನಿಮ್ಮ ಮಗಳು ವಾರಸಿನ ಆಸ್ತಿಯಲ್ಲಿ ತನ್ನ ಪಾಲನ್ನು ಎಣಿಸುವಳು. ಅಲ್ಲಿ ಬಾಯಿಪಾಠ ಸಾಲದು. ಕಾಗದದಲ್ಲಿ ಸರಿಯಿದ್ದು ನಿಜದಲ್ಲಿ ತಪ್ಪಾದ ಲೆಕ್ಕ ಒಬ್ಬರ ಹಕ್ಕನ್ನೇ ಕಸಿದೀತು. ಆದ್ದರಿಂದ ಇಂದು ರಾತ್ರಿ ಉತ್ತರ ಎಷ್ಟೆಂದು ಮಾತ್ರ ಕೇಳಬೇಡಿರಿ. ಅದು ಹೇಗೆ ಸರಿ ಎಂದೂ ಕೇಳಿರಿ.