‘ಸುಮಾರು’ ಎಂಬ ಮಾತಿಗೆ ಬೆಲೆ ತಂದವರು: ಪ್ರೊ. ಪಿ.ಸಿ. ಮಹಲನೋಬಿಸ್



ನಾವು ದಿನನಿತ್ಯ ಆಡುವ ಕನ್ನಡದಲ್ಲಿ ‘ಸುಮಾರು’ ಎಂಬ ಮಾತು ಎಷ್ಟು ಸಲ ಬರುತ್ತದೆ ಎಂದು ನೀವು ಗಮನಿಸಿದ್ದೀರಾ? ಸುಮಾರು ಹತ್ತು ಚೀಲ ಜೋಳ, ಸುಮಾರು ನೂರು ಮನೆ ಎನ್ನುತ್ತೇವೆ. ಈ ಮಾತಿನ ಮೂಲ ಫಾರಸಿಯ ‘ಶುಮಾರ್’. ಅದರ ಅರ್ಥ ಅಂದಾಜು ಅಲ್ಲ, ಎಣಿಕೆ. ಉರ್ದುವಿನಲ್ಲಿ ಜನಗಣತಿಗೆ ನಾವು ಮರ್ದುಮ್ ಶುಮಾರಿ ಎನ್ನುತ್ತೇವೆ. ಹಳೆಯ ಮೈಸೂರಿನ ಕಾಗದಪತ್ರಗಳಲ್ಲಿ ಅದೇ ಕೆಲಸಕ್ಕೆ ಖಾನೇಷುಮಾರಿ, ಅಂದರೆ ಮನೆಗಳ ಎಣಿಕೆ, ಎಂಬ ಹೆಸರಿತ್ತು. ಎಣಿಕೆ ಎಂಬ ಅರ್ಥದ ಮಾತು ನಮ್ಮ ಬಾಯಿಗೆ ಬರುವಷ್ಟರಲ್ಲಿ ಅಂದಾಜು ಆಗಿಬಿಟ್ಟಿತು. ಅಂದಾಜನ್ನು ಮತ್ತೆ ಎಣಿಕೆಯ ಕಡೆಗೆ ತಿರುಗಿಸಿ, ಅದರಲ್ಲಿ ತಪ್ಪು ಎಷ್ಟಿರಬಹುದೆಂಬುದನ್ನೂ ಪ್ರಾಮಾಣಿಕವಾಗಿ ಹೇಳಬೇಕೆಂದು ನಮ್ಮ ದೇಶಕ್ಕೆ ಕಲಿಸಿದವರು ಪ್ರೊಫೆಸರ್ ಪ್ರಶಾಂತಚಂದ್ರ ಮಹಲನೋಬಿಸ್. ಅವರ ಜೀವನವನ್ನು ನಿಮ್ಮ ಮುಂದಿಡುವುದು ಈ ಲೇಖನದ ಉದ್ದೇಶ.

ಎಣಿಸುವುದು ನಮಗೆ ಹೊಸದಲ್ಲ. ಮದೀನಾದಲ್ಲಿ ಪ್ರವಾದಿ ಮುಹಮ್ಮದ್ (ಸ) ಅವರು ಇಸ್ಲಾಮ್ ಸ್ವೀಕರಿಸಿದವರ ಹೆಸರುಗಳನ್ನು ಬರೆಸಿ ಎಣಿಸಿದ ಸಂಗತಿ ಸಹೀಹ್ ಬುಖಾರಿಯಲ್ಲಿ ಬಂದಿದೆ. ಅಕ್ಬರನ ಕಾಲದಲ್ಲಿ ಅಬುಲ್ ಫಜಲ್ ರಚಿಸಿದ ಆಯಿನ್-ಎ-ಅಕ್ಬರಿಯಲ್ಲಿ ಭೂಮಿಯ ಬಗೆ, ಬೆಳೆ, ದರ, ಕಂದಾಯ ಎಲ್ಲದರ ಅಂಕಿಗಳಿವೆ. ಆದರೆ ಒಂದು ಇಡೀ ದೇಶದ ಬಡವರ ಊಟ, ಉಡುಗೆ, ದುಡಿಮೆಯನ್ನು ವರ್ಷವರ್ಷ ಅಳೆಯುವುದು ಬೇರೆಯೇ ಮಾತು.

ಮಹಲನೋಬಿಸ್ ಹುಟ್ಟಿದ್ದು 1893ರ ಜೂನ್ 29ರಂದು ಕಲಕತ್ತೆಯಲ್ಲಿ, ಬ್ರಹ್ಮಸಮಾಜದ ಮನೆತನದಲ್ಲಿ. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಜಗದೀಶಚಂದ್ರ ಬೋಸ್, ಪ್ರಫುಲ್ಲಚಂದ್ರ ರಾಯ್ ಅಂಥವರು ಅವರ ಗುರುಗಳು. 1912ರಲ್ಲಿ ಭೌತಶಾಸ್ತ್ರದಲ್ಲಿ ಆನರ್ಸ್ ಪದವಿ ಪಡೆದು ಮರುವರ್ಷ ಇಂಗ್ಲೆಂಡಿಗೆ ಹೋದರು. ಓದಬೇಕೆಂದಿದ್ದುದು ಲಂಡನ್ನಿನಲ್ಲಿ. ಒಂದು ದಿನ ಕೇಂಬ್ರಿಜ್ ನೋಡಲು ಹೋದವರು ಕೊನೆಯ ರೈಲು ತಪ್ಪಿಸಿಕೊಂಡು ಗೆಳೆಯರ ಮನೆಯಲ್ಲಿ ಉಳಿದರು. ಆ ಊರು ಮನಸ್ಸಿಗೆ ಹಿಡಿಸಿತು. ಅಲ್ಲಿಯ ಕಿಂಗ್ಸ್ ಕಾಲೇಜನ್ನೇ ಸೇರಿದರು.

ಅಲ್ಲಿ ಅವರಿಗೆ ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಅವರ ಸ್ನೇಹವಾಯಿತು. ಒಮ್ಮೆ ಮಹಲನೋಬಿಸ್ ರಾಮಾನುಜನ್ನರ ಕೋಣೆಗೆ ಹೋದಾಗ, ಅವರು ರಾತ್ರಿ ಚಳಿಗೆ ಕೋಟು ತೊಟ್ಟು ಶಾಲು ಹೊದ್ದು ಮಲಗುವುದು ತಿಳಿಯಿತು. ಕಂಬಳಿ ಇಲ್ಲವೇ ಎಂದು ಹಾಸಿಗೆಯನ್ನು ನೋಡಿದರೆ ಕಂಬಳಿಗಳು ಇದ್ದವು. ಆದರೆ ಆ ದೇಶದ ಪದ್ಧತಿಯಂತೆ ಅವುಗಳ ಅಂಚನ್ನು ಗಾದಿಯ ಕೆಳಗೆ ಸಿಕ್ಕಿಸಿದ್ದರು. ಅವುಗಳೊಳಗೆ ಸೇರಿಕೊಂಡು ಮಲಗಬೇಕೆಂಬುದು ಹೊಸಬರಾದ ರಾಮಾನುಜನ್ನರಿಗೆ ಗೊತ್ತಿರಲಿಲ್ಲ. ಕೋಣೆಯಲ್ಲಿ ಕಂಬಳಿ ಇದೆ ಎಂದು ಪುಸ್ತಕದಲ್ಲಿ ಬರೆದುಕೊಂಡರೆ ಲೆಕ್ಕ ಸರಿಯಾಗುತ್ತದೆ, ಆದರೆ ಮನುಷ್ಯ ಚಳಿಯಲ್ಲೇ ಇರುತ್ತಾನೆ. ಹೋಗಿ ಕಣ್ಣಾರೆ ನೋಡುವ ಈ ಗುಣ ಮಹಲನೋಬಿಸರಲ್ಲಿ ಕೊನೆಯವರೆಗೂ ಇತ್ತು.

1915ರಲ್ಲಿ ಊರಿಗೆ ಮರಳುವಾಗ ಯುದ್ಧದ ಕಾರಣ ಪ್ರಯಾಣ ತಡವಾಯಿತು. ಆ ಬಿಡುವಿನಲ್ಲಿ ಗುರುಗಳೊಬ್ಬರು ಗ್ರಂಥಾಲಯದಲ್ಲಿದ್ದ ‘ಬಯೊಮೆಟ್ರಿಕ’ ಎಂಬ ಪತ್ರಿಕೆಯ ಸಂಪುಟಗಳನ್ನು ತೋರಿಸಿದರು. ಅದು ಸಂಖ್ಯಾಶಾಸ್ತ್ರದ ಪತ್ರಿಕೆ. ಮಹಲನೋಬಿಸ್ ಅದರ ಇಡೀ ಗಂಟನ್ನೇ ಕೊಂಡು ಹಡಗಿನಲ್ಲಿ ಓದುತ್ತಾ ಬಂದರು. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಲೇ ಅವರ ಮನಸ್ಸು ಅಂಕಿಗಳ ಕಡೆಗೆ ಸಾಗಿತು.

ಆರಂಭದಲ್ಲಿ ಅವರಿಗೆ ಇಂಥ ಕೆಲಸ ಒಪ್ಪಿಸಿದವರಲ್ಲಿ ಆಚಾರ್ಯ ಬ್ರಜೇಂದ್ರನಾಥ ಸೀಲ್ ಒಬ್ಬರು. ಕಲಕತ್ತೆ ವಿಶ್ವವಿದ್ಯಾಲಯದ ಪರೀಕ್ಷಾ ಫಲಿತಾಂಶಗಳನ್ನು ಅಂಕಿಗಳ ಮೂಲಕ ಪರಿಶೀಲಿಸಲು ಅವರು ಹೇಳಿದರು. ಇದೇ ಸೀಲ್ ಅವರು ಮುಂದೆ 1921ರಲ್ಲಿ ನಮ್ಮ ಮೈಸೂರು ವಿಶ್ವವಿದ್ಯಾಲಯದ ಕುಲಪತಿಯಾಗಿ ಬಂದರು. 1928ರಲ್ಲಿ ಕವಿ ರವೀಂದ್ರನಾಥ ಠಾಕೂರರು ಬೆಂಗಳೂರಿನಲ್ಲಿ ಸೀಲರ ಅತಿಥಿಯಾಗಿ ತಂಗಿದ್ದಾಗ ಮಹಲನೋಬಿಸ್ ದಂಪತಿಯೂ ಜೊತೆಗಿದ್ದರು.

ತುಂಗಭದ್ರೆಯ ದಂಡೆಯ ನಮಗೆ ಅವರ ಇನ್ನೊಂದು ಕೆಲಸ ಚೆನ್ನಾಗಿ ಅರ್ಥವಾದೀತು. 1926ರಲ್ಲಿ ಒರಿಸ್ಸಾದ ಬ್ರಾಹ್ಮಣಿ ನದಿಗೆ ಭಾರಿ ನೆರೆ ಬಂತು. ನದಿಯ ತಳ ಹೂಳು ತುಂಬಿ ಮೇಲೇರಿದೆ, ಆದ್ದರಿಂದ ದಂಡೆಯ ಒಡ್ಡುಗಳನ್ನು ಎತ್ತರಿಸಬೇಕು ಎಂದು ಎಂಜಿನಿಯರುಗಳು ಅಭಿಪ್ರಾಯಪಟ್ಟರು. ಮಹಲನೋಬಿಸ್ ಸುಮಾರು 60 ವರ್ಷಗಳ ಮಳೆ ಮತ್ತು ನೆರೆಯ ದಾಖಲೆಗಳನ್ನು ತೆಗೆದು ಲೆಕ್ಕ ಹಾಕಿದರು. ತಳ ಏರಿಲ್ಲವೆಂದೂ, ಮೇಲ್ಭಾಗದಲ್ಲಿ ಅಣೆಕಟ್ಟು ಕಟ್ಟಿ ನೀರು ತಡೆಯುವುದೇ ದಾರಿಯೆಂದೂ ತೋರಿಸಿದರು. ಮುಂದೆ ಒರಿಸ್ಸಾದಲ್ಲಿ ಕಟ್ಟಿದ ಹಿರಾಕುಡ್ ಯೋಜನೆಯ ಹಿಂದೆ ಅವರ ಈ ಲೆಕ್ಕಗಳ ಪಾತ್ರವಿತ್ತು. ಹಮ್ಮಿಗಿಯ ಹತ್ತಿರ ಸಿಂಗಟಾಲೂರು ಏತ ನೀರಾವರಿಯ ಬ್ಯಾರೇಜು ಏಳುವುದನ್ನು ನೋಡಿದ ನಮ್ಮ ಭಾಗದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೀರಿನ ಲೆಕ್ಕ, ಮುಳುಗುವ ಹೊಲದ ಲೆಕ್ಕ, ಬಿಡಬೇಕಾದ ಮನೆಯ ಲೆಕ್ಕ ಎಲ್ಲವೂ ಪಟ್ಟಿಯಲ್ಲಿ ಸರಿಯಾಗಿ ಇರಬೇಕು. ಪಟ್ಟಿಯಲ್ಲಿ ಬಿಟ್ಟುಹೋದ ಮನೆಗೆ ಪರಿಹಾರವೂ ಬಿಟ್ಟುಹೋಗುತ್ತದೆ.

1931ರ ಡಿಸೆಂಬರ್ 17ರಂದು ಮಹಲನೋಬಿಸ್ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸ್ಥಾಪಿಸಿದರು. ಅದು ಆರಂಭವಾದದ್ದು ಕಾಲೇಜಿನಲ್ಲಿದ್ದ ಅವರ ಪ್ರಯೋಗಾಲಯದಲ್ಲೇ. ಮೊದಲ ವರ್ಷದ ಖರ್ಚು ಕೇವಲ 238 ರೂಪಾಯಿ. 1933ರಲ್ಲಿ ‘ಸಾಂಖ್ಯ’ ಎಂಬ ಪತ್ರಿಕೆ ಆರಂಭಿಸಿದರು. 1959ರಲ್ಲಿ ಸಂಸತ್ತು ಕಾಯಿದೆ ಮಾಡಿ ಈ ಸಂಸ್ಥೆಯನ್ನು ರಾಷ್ಟ್ರೀಯ ಮಹತ್ವದ ಸಂಸ್ಥೆಯೆಂದು ಘೋಷಿಸಿತು. ಶಿಕ್ಷಣ ಸಂಸ್ಥೆಗಳನ್ನು ಕಟ್ಟುವ ನಮ್ಮ ಹಿರಿಯರು ಈ 238 ರೂಪಾಯಿಯನ್ನು ನೆನಪಿನಲ್ಲಿಡಬೇಕು.

ಈ ಸಂಸ್ಥೆಗೆ ನಮ್ಮ ನೆರೆಯವರೊಬ್ಬರ ನಂಟೂ ಇದೆ. ಹಮ್ಮಿಗಿಯಿಂದ ಹೊಳೆಯ ಆಚೆ ದಂಡೆ ಹೂವಿನಹಡಗಲಿ ತಾಲೂಕು. ಅದೇ ಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ.ಆರ್. ರಾವ್ ಆಂಧ್ರದಲ್ಲಿ ಓದಿ, 1941ರಲ್ಲಿ ಕಲಕತ್ತೆಗೆ ಹೋಗಿ ಮಹಲನೋಬಿಸರ ಸಂಸ್ಥೆ ಸೇರಿದರು. ಜಗತ್ತಿನ ದೊಡ್ಡ ಸಂಖ್ಯಾಶಾಸ್ತ್ರಜ್ಞರಲ್ಲಿ ಒಬ್ಬರೆನಿಸಿ, 2023ರಲ್ಲಿ 102ನೆಯ ವಯಸ್ಸಿನಲ್ಲಿ ನಿಧನರಾದರು.

ಈಗ ಮಹಲನೋಬಿಸರ ಮುಖ್ಯ ಕೆಲಸಕ್ಕೆ ಬರೋಣ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಸಾಕು ಎಂಬುದು ನಮ್ಮ ಹಿರಿಯರ ಅನುಭವ. ಆದರೆ ಮದುವೆಯ ದೇಗಿನಲ್ಲಿ ಮೇಲಿನ ಅಗುಳನ್ನಷ್ಟೇ ಮುಟ್ಟಿದರೆ ಮೋಸ ಹೋಗುತ್ತೇವೆ. ತಳದಿಂದಲೂ, ಅಂಚಿನಿಂದಲೂ, ನಡುವಿನಿಂದಲೂ ತೆಗೆಯಬೇಕು. ಮಾದರಿ ಸಮೀಕ್ಷೆಯ ತಿರುಳು ಇದೇ. ಎಲ್ಲ ಮನೆಗಳಿಗೂ ಹೋಗುವ ಬದಲು ಕೆಲವೇ ಮನೆಗಳನ್ನು ಆರಿಸುವುದು. ಆದರೆ ಆ ಆಯ್ಕೆ ಯಾರ ಇಷ್ಟದಂತೆಯೂ ಇರಬಾರದು. ಚೀಟಿ ಎತ್ತಿದಂತೆ, ಪ್ರತಿ ಮನೆಗೂ ಆರಿಸಿ ಬರುವ ಅವಕಾಶ ಇರಬೇಕು.

1937ರ ನಂತರ ಬಂಗಾಳದ ಸೆಣಬಿನ ಬೆಳೆಯ ಮೇಲೆ ಅವರು ಈ ವಿಧಾನವನ್ನು ಪ್ರಯೋಗಿಸಿದರು. 1941ರಲ್ಲಿ ಸರ್ಕಾರವೂ ಹೊಲದಿಂದ ಹೊಲಕ್ಕೆ ಹೋಗಿ ಪೂರ್ಣ ಎಣಿಕೆ ನಡೆಸಿತು. ವ್ಯಾಪಾರ ಮತ್ತು ಸುಂಕದ ದಾಖಲೆಗಳ ಜೊತೆ ಹೋಲಿಸಿದಾಗ ಮಹಲನೋಬಿಸರ ಅಂದಾಜು ಬಹಳ ಹತ್ತಿರವಿತ್ತು, ಪೂರ್ಣ ಎಣಿಕೆ ಬಹಳ ಕಡಿಮೆ ಇತ್ತು. ಖರ್ಚು ಮಾತ್ರ ಪೂರ್ಣ ಎಣಿಕೆಯ ಹತ್ತರಲ್ಲಿ ಒಂದು ಪಾಲು. ಕಾರಣ ಸರಳ. ಲಕ್ಷಾಂತರ ಹೊಲಗಳನ್ನು ಅವಸರದಲ್ಲಿ ಎಣಿಸುವುದಕ್ಕಿಂತ ಕೆಲವನ್ನು ಜಾಗ್ರತೆಯಿಂದ ಅಳೆಯುವುದು ಮೇಲು.

ಬರೆದುಕೊಳ್ಳುವ ನೌಕರ ಮರದ ನೆರಳಿನಲ್ಲಿ ಕುಳಿತು ಸುಳ್ಳು ಅಂಕಿ ತುಂಬಿದರೆ ಏನು ಗತಿ? ಅದಕ್ಕೂ ಅವರು ಉಪಾಯ ಮಾಡಿದರು. ಒಂದೇ ಪ್ರದೇಶದಲ್ಲಿ ಎರಡು ಬೇರೆ ಬೇರೆ ಮಾದರಿಗಳನ್ನು ಆರಿಸಿ, ಒಬ್ಬರ ಕೆಲಸ ಇನ್ನೊಬ್ಬರಿಗೆ ತಿಳಿಯದಂತೆ ಎರಡು ತಂಡಗಳನ್ನು ಕಳಿಸಿ, ಎರಡರ ಉತ್ತರಗಳನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಿದ್ದರು. ತಪ್ಪು ಇರುವುದಿಲ್ಲ ಎಂದು ಅವರು ಎಂದೂ ಸಾಧಿಸಲಿಲ್ಲ. ಎಷ್ಟಿದೆ ಎಂದು ತಿಳಿಯಬೇಕು, ತಿಳಿದದ್ದನ್ನು ಮುಚ್ಚಿಡಬಾರದು ಎಂಬುದು ಅವರ ಹಟ.

1943ರ ಬಂಗಾಳದ ಬರಗಾಲದಲ್ಲಿ ಲಕ್ಷಗಟ್ಟಲೆ ಜನ ಹಸಿವಿನಿಂದ, ರೋಗದಿಂದ ಸತ್ತರು. ಬರ ಕಳೆದ ಮೇಲೆ ಮಹಲನೋಬಿಸರ ಸಂಸ್ಥೆಯವರು ಹಳ್ಳಿ ಹಳ್ಳಿಗೆ ಹೋಗಿ, ಯಾರು ಹೊಲ ಮಾರಿದರು, ಯಾರ ಎತ್ತು ಹೋದವು, ಯಾವ ಕಸುಬಿನವರು ಬೀದಿಗೆ ಬಂದರು ಎಂದು ಕೇಳಿ ದಾಖಲಿಸಿದರು. ಸತ್ತವರ ಮನೆಯ ಬಾಗಿಲಲ್ಲಿ ನಿಂತು ಪ್ರಶ್ನೆ ಕೇಳುವುದು ಸುಲಭದ ಕೆಲಸವಲ್ಲ. ಆದರೆ ಕೇಳದಿದ್ದರೆ ಬಡವನ ನಷ್ಟ ಯಾರ ಪುಸ್ತಕದಲ್ಲೂ ಏರುತ್ತಿರಲಿಲ್ಲ.

ಸ್ವಾತಂತ್ರ್ಯ ಬಂದಾಗ ದೇಶದ ಆದಾಯವೆಷ್ಟು ಎಂಬುದೇ ಸರಿಯಾಗಿ ತಿಳಿದಿರಲಿಲ್ಲ. 1949ರಲ್ಲಿ ಸರ್ಕಾರ ರಾಷ್ಟ್ರೀಯ ಆದಾಯ ಸಮಿತಿಯನ್ನು ರಚಿಸಿತು. ಮಹಲನೋಬಿಸ್ ಅಧ್ಯಕ್ಷರು. ಪುಣೆಯ ಡಿ.ಆರ್. ಗಾಡ್ಗೀಳ್ ಮತ್ತು ಮುಂದೆ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆಯನ್ನು ಕಟ್ಟಿದ ವಿ.ಕೆ.ಆರ್.ವಿ. ರಾವ್ ಸದಸ್ಯರು. ಅಂಕಿಗಳಿಲ್ಲದೆ ಆದಾಯ ತಿಳಿಯದೆಂದು 1950ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆ ಆರಂಭವಾಯಿತು. ಅಕ್ಟೋಬರ್‌ನಲ್ಲಿ ಮೊದಲ ಸುತ್ತು. ದೇಶದ ಲಕ್ಷಾಂತರ ಹಳ್ಳಿಗಳಿಂದ ಆರಿಸಿದ್ದು 1,833 ಹಳ್ಳಿಗಳು. ಆಗ ಮುಂಡರಗಿ ಭಾಗ ಮುಂಬೈ ಪ್ರಾಂತದಲ್ಲಿತ್ತು, ಹೊಳೆಯಾಚೆಯ ಹಡಗಲಿ ಮದ್ರಾಸಿನಲ್ಲಿತ್ತು. ಊರಿಗೊಂದು ಭಾಷೆ, ಸೀಮೆಗೊಂದು ಅಳತೆ. ಒಂದು ಕಡೆಯ ಸೇರು ಇನ್ನೊಂದು ಕಡೆಯ ಸೇರಿಗೆ ಸಮನಲ್ಲ. ಇವನ್ನೆಲ್ಲ ಒಂದೇ ತಕ್ಕಡಿಗೆ ತಂದು, ಭಾರತದ ಸಾಮಾನ್ಯ ಮನೆಯವರು ತಿಂಗಳಿಗೆ ಎಷ್ಟು ಧಾನ್ಯ ತಿನ್ನುತ್ತಾರೆ, ಎಷ್ಟು ಬಟ್ಟೆ ಕೊಳ್ಳುತ್ತಾರೆ ಎಂದು ತಿಳಿಯುವ ಸಾಹಸ ಅದು. 1971ರಲ್ಲಿ ದಾಂಡೇಕರ್ ಮತ್ತು ರಥ್ ಅವರು ಬಡತನದ ಬಗ್ಗೆ ಬರೆದ ಹೆಸರಾಂತ ಅಧ್ಯಯನಕ್ಕೂ ಇದೇ ಸಮೀಕ್ಷೆಯ ಅಂಕಿಗಳೇ ಆಧಾರ.

1956ರಲ್ಲಿ ಆರಂಭವಾದ ಎರಡನೆಯ ಪಂಚವಾರ್ಷಿಕ ಯೋಜನೆಯ ರೂಪುರೇಷೆಯೂ ಮಹಲನೋಬಿಸರದೇ. ಭಾರಿ ಕೈಗಾರಿಕೆಗೆ ಹೆಚ್ಚು, ಕೃಷಿಗೆ ಕಡಿಮೆ ಒತ್ತು ಕೊಟ್ಟರೆಂಬ ಟೀಕೆ ಅದರ ಮೇಲಿದೆ. ಆ ಟೀಕೆಯಲ್ಲಿ ಹುರುಳಿಲ್ಲದಿಲ್ಲ. ಆದರೆ ಗಮನಿಸಿರಿ, ಯೋಜನೆ ಸರಿಯೇ ತಪ್ಪೇ ಎಂದು ಅಳೆಯಲು ಬೇಕಾದ ಅಂಕಿಗಳನ್ನು ಕೂಡಿಸುವ ಏರ್ಪಾಡನ್ನು ಮಾಡಿಟ್ಟವರೂ ಅವರೇ. 1968ರಲ್ಲಿ ಅವರಿಗೆ ಪದ್ಮವಿಭೂಷಣ ಸಂದಿತು. 1972ರ ಜೂನ್ 28ರಂದು, 79ನೆಯ ಹುಟ್ಟುಹಬ್ಬಕ್ಕೆ ಒಂದು ದಿನ ಇರುವಾಗ, ತೀರಿಕೊಂಡರು. 2007ರಿಂದ ಜೂನ್ 29ನ್ನು ಸಾಂಖ್ಯಿಕ ದಿನವೆಂದು ಆಚರಿಸಲಾಗುತ್ತಿದೆ.

ಓದುಗರೇ, ಈ ಜೀವನದಿಂದ ನಮಗೇನು ಎಂದು ನೀವು ಕೇಳಬಹುದು. 2006ರ ನವೆಂಬರಿನಲ್ಲಿ ಸಂಸತ್ತಿನ ಮುಂದೆ ಬಂದ ಸಾಚಾರ್ ಸಮಿತಿಯ ವರದಿಯನ್ನು ನೆನಪಿಸಿಕೊಳ್ಳಿರಿ. 2001ರ ಜನಗಣತಿಯಲ್ಲಿ ದೇಶದ ಸಾಕ್ಷರತೆ ಶೇ. 64.8 ಇದ್ದಾಗ ಮುಸ್ಲಿಮರದು ಶೇ. 59.1 ಎಂದು ಅದು ತೋರಿಸಿತು. 6ರಿಂದ 14 ವರ್ಷದ ನಮ್ಮ ಮಕ್ಕಳಲ್ಲಿ ಕಾಲುಭಾಗ ಶಾಲೆಯ ಮುಖ ನೋಡದವರು ಇಲ್ಲವೇ ಅರ್ಧಕ್ಕೆ ಬಿಟ್ಟವರು ಎಂದಿತು. ಅಲ್ಲಿಯವರೆಗೆ ನಮ್ಮ ಬಗ್ಗೆ ಎಲ್ಲರೂ ಸುಮಾರಾಗಿ ಮಾತನಾಡುತ್ತಿದ್ದರು. ಓಲೈಕೆ ಎಂದು ಒಬ್ಬರು, ಅನ್ಯಾಯ ಎಂದು ಇನ್ನೊಬ್ಬರು. ಆ ವರದಿ ಮಾತಿನ ಜಾಗದಲ್ಲಿ ಅಂಕಿ ಇಟ್ಟಿತು. ಆ ಅಂಕಿಗಳು ಬಂದದ್ದು ಜನಗಣತಿಯಿಂದ ಮತ್ತು ಮಹಲನೋಬಿಸ್ ಆರಂಭಿಸಿದ ಮಾದರಿ ಸಮೀಕ್ಷೆಯಿಂದ.

ಇಲ್ಲಿ ನನ್ನದೊಂದು ತಪ್ಪನ್ನು ಹೇಳಿಕೊಳ್ಳಬೇಕು. 2025ರಲ್ಲಿ ನಮ್ಮ ರಾಜ್ಯದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಅನೇಕ ಶಿಕ್ಷಕರಂತೆ ನಾನೂ ಮನೆ ಮನೆಗೆ ಹೋದೆ. ಊರು, ಹೆಸರು ಬೇಡ. ಒಂದು ಮನೆಯಲ್ಲಿ ತಾಯಿ, ಮಗಳು ಶಾಲೆಗೆ ಹೋಗುತ್ತಾಳೆ ಎಂದು ಬರೆಸಿದರು. ಆ ಹುಡುಗಿ ಏಳನೆಯ ತರಗತಿಗೇ ಶಾಲೆ ಬಿಟ್ಟು ಮೆಣಸಿನಕಾಯಿ ಬಿಡಿಸಲು ಹೋಗುತ್ತಾಳೆಂದು ನನಗೆ ಗೊತ್ತಿತ್ತು. ತಾಯಿಯ ಮುಖದಲ್ಲಿದ್ದ ಸಂಕೋಚ ನೋಡಿ, ಮತ್ತೊಮ್ಮೆ ಕೇಳದೆ ಅವರು ಹೇಳಿದ್ದನ್ನೇ ತುಂಬಿ ಹೊರಬಂದೆ. ಅದು ಮರ್ಯಾದೆ ಎಂದುಕೊಂಡೆ. ಮಹಲನೋಬಿಸರ ಬಗ್ಗೆ ಓದುವಾಗ ಆ ಮನೆ ಮತ್ತೆ ಕಣ್ಣ ಮುಂದೆ ಬಂತು. ನನ್ನ ಒಂದು ಗುರುತಿನಿಂದ ಶಾಲೆ ಬಿಟ್ಟ ಒಂದು ಮಗು ಲೆಕ್ಕದಿಂದ ಮಾಯವಾಯಿತು. ಹೀಗೆ ನೂರು ಮನೆಗಳಲ್ಲಿ ನಡೆದರೆ, ಆ ಹುಡುಗಿಯರಿಗಾಗಿ ಶಾಲೆಯನ್ನೋ ವಸತಿನಿಲಯವನ್ನೋ ಯಾರು, ಯಾವ ಆಧಾರದಿಂದ ಕೇಳಬೇಕು?

ನಮ್ಮ ಮೊಹಲ್ಲಾಗಳಲ್ಲಿ ಇನ್ನೊಂದು ಅಂಜಿಕೆಯೂ ಇದೆ. ಹೇಳಿದ್ದು ನಾಳೆ ನಮಗೇ ತಿರುಗಿ ಬಂದೀತು ಎಂಬುದು. ಈ ಅಂಜಿಕೆಗೆ ನಗುವುದು ಸಲ್ಲ. ತಿಳಿಸಿ ಹೇಳಬೇಕು. 1948ರ ಜನಗಣತಿ ಕಾಯಿದೆಯ ಪ್ರಕಾರ ಒಂದು ಮನೆಯ ಉತ್ತರಗಳನ್ನು ಇತರರು ನೋಡುವಂತಿಲ್ಲ, ಅವನ್ನು ನ್ಯಾಯಾಲಯದಲ್ಲಿ ಸಾಕ್ಷಿಯಾಗಿ ಬಳಸಲೂ ಬರುವುದಿಲ್ಲ. ಹೊಸ ಜನಗಣತಿಗೆ 2027ರ ಮಾರ್ಚ್ 1 ಎಣಿಕೆಯ ದಿನವೆಂದು ಸರ್ಕಾರ 2025ರಲ್ಲಿ ಪ್ರಕಟಿಸಿದೆ. ಬಾಗಿಲಿಗೆ ಬಂದವರ ಗುರುತಿನ ಚೀಟಿ ಕೇಳಿರಿ, ಪ್ರಶ್ನೆ ಅರ್ಥವಾಗದಿದ್ದರೆ ಮತ್ತೆ ಕೇಳಿರಿ, ಆಮೇಲೆ ನಿಜವನ್ನೇ ಹೇಳಿರಿ.

ಮಾದರಿ ಸಮೀಕ್ಷೆಯಲ್ಲಿ ಆರಿಸಿ ಬಂದ ಒಂದು ಮನೆ ಸಾವಿರಾರು ಮನೆಗಳ ಪರವಾಗಿ ಮಾತನಾಡುತ್ತದೆ. ಆ ಮನೆ ಬಾಗಿಲು ಹಾಕಿಕೊಂಡರೆ ಸಾವಿರಾರು ಮನೆಗಳ ಬಾಯಿ ಮುಚ್ಚಿದಂತೆ. ಉರ್ದು, ಕನ್ನಡ ಎರಡನ್ನೂ ಬಲ್ಲ ವಿದ್ಯಾರ್ಥಿಗಳೇ, ನಿಮ್ಮ ಓಣಿಯ ಅಕ್ಷರ ಬಾರದ ತಾಯಂದಿರ ಪಕ್ಕದಲ್ಲಿ ಆ ದಿನ ನೀವು ಕುಳಿತುಕೊಳ್ಳಿರಿ. ನಾನಂತೂ ಆ ಹುಡುಗಿಯ ಮನೆಗೆ ಮತ್ತೊಮ್ಮೆ ಹೋಗಿದ್ದೇನೆ, ಈ ಸಲ ಬರೆದುಕೊಳ್ಳಲು ಅಲ್ಲ, ಅವಳನ್ನು ಶಾಲೆಗೆ ಕರೆಯಲು. ಇನ್ಷಾ ಅಲ್ಲಾಹ್, ಮುಂದಿನ ಎಣಿಕೆಯಲ್ಲಿ ಅವಳ ತಾಯಿ ಹೇಳುವ ಮಾತು ನಿಜವಾಗಿರಲಿ.